ನಾವು ಎಂದೂ ಹತ್ತದ ಬೆಟ್ಟ

ನಾವು ಎಂದೂ ಹತ್ತದ, ಬಹುಶಃ ಎಂದೂ ಕಣ್ಣಾರೆ ಕಾಣದ ಒಂದು ಬೆಟ್ಟದ ಋಣ ನಮ್ಮ ಮೇಲೆ ಇರಲು ಸಾಧ್ಯವೇ? ಪ್ರಶ್ನೆ ವಿಚಿತ್ರವೆನಿಸಬಹುದು. ಮನೆ ಸಾಲದ ಕಂತು, ಮಕ್ಕಳ ಶಾಲೆಯ ಫೀಸು, ಊರಿನಲ್ಲಿರುವ ಅಪ್ಪ ಅಮ್ಮನ ಔಷಧಿ ಎಂದು ನಮ್ಮ ಋಣಗಳ ಪಟ್ಟಿ ಮೊದಲೇ ಉದ್ದವಾಗಿದೆ. ಅದರ ಕೊನೆಗೆ ದಕ್ಷಿಣ ಅಮೆರಿಕದ ಯಾವುದೋ ಬೆಟ್ಟವನ್ನು ಬರೆದುಕೊಳ್ಳುವುದೇಕೆ?

ಕಾರಣವಿದೆ. ಕೆಲವು ಪ್ರಶ್ನೆಗಳು ಹತ್ತಿರದ ಉದಾಹರಣೆಯಲ್ಲಿ ಕಲಸಿಹೋಗುತ್ತವೆ, ದೂರದ ಉದಾಹರಣೆಯಲ್ಲಿ ಬಿಡಿಸಿಕೊಳ್ಳುತ್ತವೆ. ನಮ್ಮೂರಿನ ಗುಡ್ಡವನ್ನೇ ತೆಗೆದುಕೊಳ್ಳಿ. ಅದರಲ್ಲಿ ನಮ್ಮ ಕೆರೆಯ ನೀರಿದೆ, ನಮ್ಮ ದೇವಸ್ಥಾನವಿದೆ, ಬಾಲ್ಯದ ನೆನಪಿದೆ, ಒಂದಿಷ್ಟು ಜಮೀನೂ ಇರಬಹುದು. ಅದನ್ನು ಉಳಿಸಬೇಕು ಎಂದು ನಾವು ಹೇಳಿದಾಗ ಗುಡ್ಡದ ಪರವಾಗಿ ಮಾತಾಡುತ್ತಿದ್ದೇವೋ, ನಮ್ಮ ಪರವಾಗಿಯೋ ಎಂದು ನಮಗೇ ಗೊತ್ತಾಗುವುದಿಲ್ಲ. ನಮಗೆ ಯಾವ ಲಾಭವೂ ನೆನಪೂ ಇಲ್ಲದ ಬೆಟ್ಟವನ್ನು ಆರಿಸಿಕೊಂಡರೆ ಆ ಗೊಂದಲ ತಪ್ಪುತ್ತದೆ. ಅದಕ್ಕೆ ರೊರೈಮಾಕ್ಕಿಂತ ಒಳ್ಳೆಯ ಬೆಟ್ಟ ಸಿಗುವುದು ಕಷ್ಟ.

ವೆನೆಜುವೆಲಾ, ಗಯಾನಾ, ಬ್ರೆಜಿಲ್ ಮೂರೂ ದೇಶಗಳ ಗಡಿ ಕೂಡುವುದು ರೊರೈಮಾ ಬೆಟ್ಟದ ನೆತ್ತಿಯ ಮೇಲೆ. ಎತ್ತರ 2,810 ಮೀಟರ್. ಆದರೆ ಎತ್ತರಕ್ಕಿಂತ ಅದರ ಆಕಾರ ಮುಖ್ಯ. ನಮ್ಮ ಬೆಟ್ಟಗಳು ಮೇಲೆ ಹೋದಂತೆ ಕಿರಿದಾಗುತ್ತವೆ. ರೊರೈಮಾ ಹಾಗಲ್ಲ, ಕಲ್ಲಿನ ಮೇಜಿನಂತೆ ನಿಂತಿದೆ. ಸುಮಾರು 400 ಮೀಟರ್ ಎತ್ತರದ ಲಂಬವಾದ ಬಂಡೆಗೋಡೆಗಳು, ಅವುಗಳ ಮೇಲೆ ಸುಮಾರು 31 ಚದರ ಕಿಲೋಮೀಟರಿನ ಬಯಲು. ಇಂಥ ಬೆಟ್ಟಗಳು ಆ ಸೀಮೆಯಲ್ಲಿ ನೂರಕ್ಕೂ ಹೆಚ್ಚಿವೆ. ಅಲ್ಲಿನ ಪೆಮೋನ್ ಜನ ತಮ್ಮ ಭಾಷೆಯಲ್ಲಿ ಬೆಟ್ಟಕ್ಕೆ 'ತೆಪುಯಿ' ಎನ್ನುತ್ತಾರೆ. ಭೂಗೋಳದ ಪುಸ್ತಕಗಳೂ ಆ ಹೆಸರನ್ನೇ ಉಳಿಸಿಕೊಂಡಿವೆ. 2009ರಲ್ಲಿ ಬಂದ 'ಅಪ್' ಎಂಬ ಅನಿಮೇಷನ್ ಚಿತ್ರದಲ್ಲಿ ಮುದುಕನೊಬ್ಬ ಬಲೂನು ಕಟ್ಟಿದ ಮನೆಯನ್ನು ಎಳೆದುಕೊಂಡು ಹೋಗುವ ಆ ಬಂಡೆಗಳ ನಾಡಿಗೆ ಸ್ಫೂರ್ತಿ ಇವೇ ಬೆಟ್ಟಗಳು.

ಈ ಬೆಟ್ಟ ಹುಟ್ಟಿದ ಬಗೆಯೂ ತಿಳಿಯಬೇಕಾದದ್ದೇ. ಇದು ಹಿಮಾಲಯದಂತೆ ಮಡಿಕೆಬಿದ್ದು ಮೇಲೆದ್ದ ಬೆಟ್ಟವಲ್ಲ, ಜ್ವಾಲಾಮುಖಿಯೂ ಅಲ್ಲ. ಸುಮಾರು 170 ಕೋಟಿ ವರ್ಷಗಳಿಗೂ ಹಿಂದೆ ಪದರ ಪದರವಾಗಿ ಕೂತ ಮರಳು ಗಟ್ಟಿಯಾಗಿ ಕಲ್ಲಾಯಿತು. ಆಗ ಭೂಮಿಯ ಮೇಲೆ ಮೀನೂ ಇರಲಿಲ್ಲ, ಗಿಡವೂ ಇರಲಿಲ್ಲ. ಆ ಮರಳುಗಲ್ಲು ಒಂದು ಕಾಲಕ್ಕೆ ಅಖಂಡವಾದ ಪ್ರಸ್ಥಭೂಮಿಯಾಗಿತ್ತು. ಕೋಟ್ಯಂತರ ವರ್ಷ ಸುರಿದ ಮಳೆ, ಹರಿದ ನೀರು ಅದರ ಬಿರುಕುಗಳನ್ನು ಹಿಡಿದು ಕೊರೆಯುತ್ತಾ ಹೋಯಿತು. ಹೆಚ್ಚಿನ ಭಾಗ ಕರಗಿ ಸಮುದ್ರ ಸೇರಿತು, ಅಲ್ಲೊಂದು ಇಲ್ಲೊಂದು ತುಂಡು ಉಳಿಯಿತು. ಅಂದರೆ ರೊರೈಮಾ ತಾನಾಗಿ ಎದ್ದು ನಿಂತದ್ದಕ್ಕಿಂತ ಸುತ್ತಲಿನ ನೆಲ ಕೆಳಗಿಳಿದು ಹೋದದ್ದೇ ಹೆಚ್ಚು.

ಮೇಲಿನ ಲೋಕ ಬಡತನದ ಲೋಕ. ಹೆಚ್ಚುಕಡಿಮೆ ದಿನವೂ ಮಳೆ, ಮಂಜು. ಮಣ್ಣು ಕೂಡಿದಂತೆಲ್ಲ ನೀರು ಕೊಚ್ಚಿ ಒಯ್ಯುತ್ತದೆ. ಬರಿಯ ಕಲ್ಲು, ಅದರ ಮೇಲೆ ಸೂಕ್ಷ್ಮಜೀವಿಗಳ ಪೊರೆ ಬೆಳೆದು ಎಲ್ಲವೂ ಕಪ್ಪು. ಕೆರೆದು ನೋಡಿದರೆ ಒಳಗಿನ ಬಣ್ಣ ನಸುಗೆಂಪು. ಇಷ್ಟು ಬಡ ನೆಲದಲ್ಲಿ ಸಾರ ಸಿಗದೆ ಕೆಲವು ಗಿಡಗಳು ಹುಳ ಹಿಡಿದು ತಿನ್ನಲು ಕಲಿತಿವೆ. ಎಲೆಯೇ ಸುತ್ತಿಕೊಂಡು ಹೂಜಿಯಾಗಿ ಮಳೆನೀರು ತುಂಬಿಕೊಳ್ಳುವ ಹೆಲಿಯಾಂಫೊರಾ ಅಂಥದ್ದರಲ್ಲಿ ಒಂದು. ಅಲ್ಲಿ ಎರಡು ಸೆಂಟಿಮೀಟರಿನಷ್ಟೇ ಇರುವ ಒಂದು ಕಪ್ಪು ಕಪ್ಪೆಯಿದೆ. ಅದಕ್ಕೆ ಜಿಗಿಯಲು ಬರುವುದಿಲ್ಲ, ನಿಧಾನವಾಗಿ ನಡೆಯುತ್ತದೆ. ಪಕ್ಕದ ಕುಕೆನಾನ್ ಬೆಟ್ಟದಲ್ಲಿರುವ ಅದರ ದಾಯಾದಿಯೊಂದು ಅಪಾಯ ಕಂಡರೆ ಕೈಕಾಲು ಮುದುಡಿಕೊಂಡು ಬೆಣಚುಕಲ್ಲಿನಂತೆ ಇಳಿಜಾರಿನಲ್ಲಿ ಉರುಳಿಬಿಡುತ್ತದೆ. ಇವುಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆ ಹೊರಬರುತ್ತದೆ.

ಆ ನೆತ್ತಿಯ ಮೇಲೆ ಬಿದ್ದ ಮಳೆ ಮೂರು ದಾರಿ ಹಿಡಿಯುತ್ತದೆ. ಒಂದು ಪಾಲು ಕರೊನಿ ನದಿಯ ಮೂಲಕ ಒರಿನೊಕೊಗೆ, ಇನ್ನೊಂದು ಮಜರೂನಿಯ ಮೂಲಕ ಎಸೆಕಿಬೊಗೆ, ಮತ್ತೊಂದು ಕೊಟಿಂಗೊ, ಬ್ರಾಂಕೊ, ನೆಗ್ರೊ ನದಿಗಳನ್ನು ದಾಟಿ ಅಮೆಜಾನಿಗೆ. ಒಂದೇ ಕಲ್ಲಿನ ಮೇಲೆ ಗೇಣಳತೆಯ ಅಂತರದಲ್ಲಿ ಬಿದ್ದ ಎರಡು ಹನಿಗಳು ಅಟ್ಲಾಂಟಿಕ್ ಸಾಗರವನ್ನು ಸೇರುವ ಹೊತ್ತಿಗೆ ನೂರಾರು ಮೈಲಿ ದೂರವಾಗಿರಬಹುದು.

ಇದು ಬೆಟ್ಟ. ಈಗ ಪ್ರಶ್ನೆಗೆ ಬರೋಣ. ಇದನ್ನು ಇದ್ದ ಹಾಗೆ ಬಿಡಬೇಕು ಎಂದರೆ ಬಹುತೇಕ ಎಲ್ಲರೂ ಹೌದೆನ್ನುತ್ತಾರೆ. ಏಕೆ ಎಂದು ಕೇಳಿದರೆ ಮಾತ್ರ ಉತ್ತರಗಳು ಬೇರೆ ಬೇರೆ. ಆ ಉತ್ತರಗಳು ಎಷ್ಟು ಭಾರ ಹೊರಬಲ್ಲವು ಎಂಬುದನ್ನು ಒಂದೊಂದಾಗಿ ನೋಡಬೇಕು.

ಮೊದಲನೆಯದು ಉಪಯೋಗದ ಉತ್ತರ. ಕರೊನಿ ನದಿಗೆ ಅಡ್ಡಲಾಗಿ ಕಟ್ಟಿದ ಗುರಿ ಅಣೆಕಟ್ಟು ವೆನೆಜುವೆಲಾದ ವಿದ್ಯುತ್ತಿನ ಬಹುಪಾಲನ್ನು ಕೊಡುತ್ತದೆ. ತೆಪುಯಿಗಳ ಮೇಲೆ ಸುರಿದ ಮಳೆ ನಗರಗಳಲ್ಲಿ ದೀಪವಾಗಿ ಉರಿಯುತ್ತದೆ. ಆದ್ದರಿಂದ ಬೆಟ್ಟ ಉಳಿಯಬೇಕು ಎಂಬುದು ಸರಳವಾದ, ಪ್ರಾಮಾಣಿಕವಾದ ವಾದ. ಆದರೆ ಇದು ಎರಡಲಗಿನ ಕತ್ತಿ. ಉಪಯೋಗಕ್ಕಾಗಿ ಉಳಿಸಿದ್ದನ್ನು ಅದಕ್ಕಿಂತ ದೊಡ್ಡ ಉಪಯೋಗಕ್ಕಾಗಿ ಬಿಟ್ಟುಕೊಡಬೇಕಾಗುತ್ತದೆ. ಅದೇ ನೀರಿನ ವಿದ್ಯುತ್ತನ್ನು ಬ್ರೆಜಿಲಿಗೆ ಮಾರಲು ಕನೈಮಾ ರಾಷ್ಟ್ರೀಯ ಉದ್ಯಾನದ ನಡುವೆ ತಂತಿ ಎಳೆಯಲು ಹೊರಟಾಗ ಪೆಮೋನರು ವಿರೋಧಿಸಿದರು, ಕೆಲವು ಗೋಪುರಗಳನ್ನು ಉರುಳಿಸಿಯೂ ಬಿಟ್ಟರು. ಆದರೂ 2001ರಲ್ಲಿ ಮಾರ್ಗ ಉದ್ಘಾಟನೆಯಾಯಿತು. ಲೆಕ್ಕಾಚಾರದ ಮುಂದೆ ಲೆಕ್ಕಾಚಾರವನ್ನೇ ಇಟ್ಟರೆ ದೊಡ್ಡ ಅಂಕಿ ಗೆಲ್ಲುತ್ತದೆ. ಅಲ್ಲಿ ಬೆಟ್ಟದ ಅಂಕಿ ಎಂದೂ ದೊಡ್ಡದಿರುವುದಿಲ್ಲ.

ಎರಡನೆಯದು ಅಪರೂಪದ ಉತ್ತರ. ಆರ್ಥರ್ ಕಾನನ್ ಡಾಯ್ಲ್ 1912ರಲ್ಲಿ 'ದಿ ಲಾಸ್ಟ್ ವರ್ಲ್ಡ್' ಬರೆದು ಇಂಥದ್ದೊಂದು ಮೇಜುಬೆಟ್ಟದ ಮೇಲೆ ಡೈನೊಸಾರ್‌ಗಳನ್ನು ಓಡಾಡಿಸಿದ. ಅಂದಿನಿಂದ ತೆಪುಯಿ ಎಂದರೆ ಕಳೆದುಹೋದ ಲೋಕ, ಕಾಲ ನಿಂತುಹೋದ ಜಾಗ. ವಿಜ್ಞಾನಿಗಳೂ ಬಹಳ ಕಾಲ ಇದರ ಸೌಮ್ಯ ರೂಪವೊಂದನ್ನು ನಂಬಿದ್ದರು: ಬಂಡೆಗೋಡೆಗಳು ಎಂದೋ ದಾರಿ ಮುಚ್ಚಿದವು, ಮೇಲಿನ ಜೀವಿಗಳು ಕೋಟ್ಯಂತರ ವರ್ಷ ಒಂಟಿಯಾಗಿ ಬೆಳೆದವು ಎಂದು. 2012ರಲ್ಲಿ ಫಿಲಿಪ್ ಕಾಕ್ ಮತ್ತು ಸಂಗಡಿಗರು ಬೇರೆ ಬೇರೆ ತೆಪುಯಿಗಳ ನೆತ್ತಿಯ ಮೇಲಿನ ಕಪ್ಪೆ, ಹಲ್ಲಿಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ವ್ಯತ್ಯಾಸ ಅವರು ಎಣಿಸಿದ್ದಕ್ಕಿಂತ ಬಹಳ ಕಡಿಮೆ ಇತ್ತು. ಬೆಟ್ಟ ಬೆಟ್ಟಗಳ ನಡುವೆ ಜೀವಿಗಳ ಹೋಗಿಬರುವಿಕೆ ಭೂಮಿಯ ಲೆಕ್ಕದಲ್ಲಿ ಮೊನ್ನೆ ಮೊನ್ನೆಯವರೆಗೂ ನಡೆದಿತ್ತು ಎಂಬ ಸೂಚನೆ ಅದು. ಕಲ್ಲು ಪುರಾತನ, ಅದರ ಮೇಲಿನ ಬಾಳು ಅಷ್ಟೇ ಪುರಾತನವಾಗಿ ಒಂಟಿಯಲ್ಲ.

ಇದರಿಂದ ಬೆಟ್ಟಕ್ಕೆ ಏನೂ ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ನಮ್ಮ ಕಥೆಗೆ. ಆ ಕಪ್ಪೆ ಕೋಟ್ಯಂತರ ವರ್ಷಗಳ ಒಂಟಿ ತಪಸ್ವಿ ಎಂಬ ಕಾರಣಕ್ಕೆ ಅದಕ್ಕೆ ಗೌರವ ಕೊಡುತ್ತಿದ್ದವರು ಈಗ ಗೌರವ ಕಡಿಮೆ ಮಾಡಬೇಕೇ? ಮ್ಯೂಸಿಯಂ ವಸ್ತುವಿಗೆ ಅದರ ವಯಸ್ಸೇ ಬೆಲೆ. ಆದರೆ ಕಪ್ಪೆ ಮ್ಯೂಸಿಯಂ ವಸ್ತುವಲ್ಲ, ಇವತ್ತು ಮಳೆಯಲ್ಲಿ ನಡೆಯುತ್ತಿರುವ ಜೀವ. ಅಪರೂಪವೆಂಬ ವಾದದ ತೊಡಕು ಇದೇ: ಅದು ಬೆಟ್ಟದ ಮೇಲೆ ನಿಲ್ಲದೆ ಬೆಟ್ಟದ ಬಗ್ಗೆ ನಾವು ಕಟ್ಟಿದ ರೋಮಾಂಚನದ ಮೇಲೆ ನಿಂತಿರುತ್ತದೆ.

ಮೂರನೆಯದು ಸೌಂದರ್ಯದ ಉತ್ತರ. ಇದನ್ನು ತತ್ತ್ವಶಾಸ್ತ್ರಜ್ಞರು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಮನುಷ್ಯನ ಅನುಭವಕ್ಕೆ ಬಾರದ ಸೌಂದರ್ಯಕ್ಕಾಗಿ ಶ್ರಮಿಸುವುದು ವಿವೇಕವಲ್ಲ ಎಂದು ಹೆನ್ರಿ ಸಿಜ್ವಿಕ್ ವಾದಿಸಿದ್ದರು. ಅದಕ್ಕೆ ಉತ್ತರವಾಗಿ ಜಿ. ಇ. ಮೂರ್ 1903ರ 'ಪ್ರಿನ್ಸಿಪಿಯಾ ಎಥಿಕಾ'ದಲ್ಲಿ ಒಂದು ಕಲ್ಪನೆ ಮುಂದಿಟ್ಟರು. ಎರಡು ಲೋಕಗಳಿವೆ. ಒಂದರಲ್ಲಿ ಬೆಟ್ಟ, ನದಿ, ಸೂರ್ಯಾಸ್ತ ಎಲ್ಲ ಪರಮ ಸುಂದರ. ಇನ್ನೊಂದು ಬರೀ ಕೊಳಕಿನ ರಾಶಿ. ಎರಡನ್ನೂ ಯಾರೂ ಎಂದೂ ನೋಡುವುದಿಲ್ಲ, ನೋಡಲು ಸಾಧ್ಯವೂ ಇಲ್ಲ. ಹಾಗಿದ್ದರೂ ಕೊಳಕಿನ ಲೋಕಕ್ಕಿಂತ ಸುಂದರ ಲೋಕ ಇರುವುದೇ ಮೇಲಲ್ಲವೇ? ಮೇಲು ಎಂದು ಮೂರ್ ಆಗ ಹೇಳಿದರು. ಒಂಬತ್ತು ವರ್ಷಗಳ ನಂತರ ಬರೆದ 'ಎಥಿಕ್ಸ್' ಪುಸ್ತಕದಲ್ಲಿ ಆ ನಿಲುವನ್ನು ಬಿಟ್ಟು, ಪ್ರಜ್ಞೆಯಿಲ್ಲದ ಕಡೆ ಒಳಿತಿಲ್ಲ ಎಂಬ ಕಡೆಗೆ ವಾಲಿದರು.

ಮೂರ್ ಹಿಂದೆ ಸರಿದದ್ದು ಆಶ್ಚರ್ಯವಲ್ಲ. ಸೌಂದರ್ಯ ಎಂಬ ಮಾತಿನೊಳಗೇ ನೋಡುವವನೊಬ್ಬ ಕೂತಿದ್ದಾನೆ. ಅವನನ್ನು ಹೊರಗೆ ಕಳಿಸಿದರೆ ಮಾತೇ ಖಾಲಿಯಾಗುತ್ತದೆ. ಒಳಗೆ ಕರೆದರೆ ಬೆಟ್ಟ ಸವೆಯುತ್ತದೆ. ರೊರೈಮಾದ ನೆತ್ತಿಯ ಮೇಲೆ ಸ್ಫಟಿಕಗಳ ಕಣಿವೆಯಿದೆ, ಬಿಳಿಯ ಬೆಣಚಿನ ಹರಳುಗಳು ನೆಲದ ಮೇಲೇ ಹರಡಿಕೊಂಡಿವೆ. ನೋಡಲು ಬಂದವರು ಒಂದೊಂದು ಹರಳನ್ನು ಜೇಬಿಗೆ ಹಾಕಿಕೊಂಡು ಹೋದರು. ಈಗ ಅದಕ್ಕೆ ನಿಷೇಧವಿದೆ. ಚಾರಣಿಗರ ಮಲವನ್ನೂ ಹೊತ್ತು ಕೆಳಗೆ ತರಬೇಕೆಂಬ ನಿಯಮವಿದೆ. ಹೊರಗಿನ ಹುಲ್ಲಿನ ಬೀಜಗಳು ನೆತ್ತಿಯ ಮೇಲೆ ಬೇರೂರಿರುವುದನ್ನು ಸಸ್ಯವಿಜ್ಞಾನಿಗಳು ದಾಖಲಿಸಿದ್ದಾರೆ.

1973ರಲ್ಲಿ ಬಲ್ಗೇರಿಯಾದ ವಾರ್ನಾದಲ್ಲಿ ನಡೆದ ವಿಶ್ವ ತತ್ತ್ವಶಾಸ್ತ್ರ ಸಮ್ಮೇಳನದಲ್ಲಿ ರಿಚರ್ಡ್ ರೌಟ್ಲಿ ಪ್ರಶ್ನೆಯನ್ನು ಬೇರೆ ಕಡೆಯಿಂದ ಎತ್ತಿಕೊಂಡರು. ಜಗತ್ತಿನಲ್ಲಿ ಒಬ್ಬನೇ ಒಬ್ಬ ಮನುಷ್ಯ ಉಳಿದಿದ್ದಾನೆ. ಸಾಯುವ ಮುನ್ನ ಅವನು ತನ್ನ ಕೈಲಾದಷ್ಟು ಗಿಡ, ಪ್ರಾಣಿಗಳನ್ನೆಲ್ಲ ನಾಶಮಾಡುತ್ತಾನೆ. ಅವನ ನಂತರ ಮನುಷ್ಯರೇ ಇಲ್ಲವಾದ್ದರಿಂದ ಯಾವ ಮನುಷ್ಯನಿಗೂ ನಷ್ಟವಿಲ್ಲ. ಹಾಗಾದರೆ ಅವನು ತಪ್ಪು ಮಾಡಿದನೇ? ಬಹುಪಾಲು ಜನ ಹೌದೆನ್ನುತ್ತಾರೆ. ಆದರೆ ನಮ್ಮ ಚಾಲ್ತಿಯ ನೀತಿಶಾಸ್ತ್ರದಲ್ಲಿ ಆ ತಪ್ಪಿಗೆ ಹೆಸರಿಲ್ಲ, ಏಕೆಂದರೆ ಅಲ್ಲಿ ತಪ್ಪಾಗಬೇಕಾದರೆ ಒಬ್ಬ ಮನುಷ್ಯನಿಗೆ ತೊಂದರೆಯಾಗಬೇಕು. ಹೆಸರಿಲ್ಲದ ಆ ತಪ್ಪು ಯಾವುದು ಎಂಬುದೇ ನಮ್ಮ ಪ್ರಶ್ನೆ.

ಅದಕ್ಕೆ ಹೆಸರು ಹುಡುಕಲು ಬೆಟ್ಟದ ಬುಡದಲ್ಲಿ ಬಾಳಿದವರ ಮಾತನ್ನು ಕೇಳಬೇಕು ಎನಿಸುತ್ತದೆ. ಪೆಮೋನರ ನಂಬಿಕೆಯಲ್ಲಿ ತೆಪುಯಿಗಳ ಮೇಲೆ ಇಮವಾರಿ ಎಂಬ ಚೇತನಗಳು ವಾಸಿಸುತ್ತವೆ. ಬೆಟ್ಟ ಅವರ ಮನೆ. 2013ರಲ್ಲಿ ಔಯಾನ್ ತೆಪುಯಿಯೊಳಗೆ ದೊಡ್ಡ ಗುಹಾಜಾಲವೊಂದನ್ನು ಶೋಧಿಸಿದ ತಂಡ ಅದಕ್ಕೆ ಪೆಮೋನ್ ಭಾಷೆಯಲ್ಲೇ 'ಇಮವಾರಿ ಯೆಉತಾ' ಎಂದು ಹೆಸರಿಟ್ಟಿತು. ಇಮವಾರಿಗಳ ಮನೆ ಎಂದರ್ಥ. ಅದೇ ಬೆಟ್ಟದಿಂದ ಧುಮುಕುವ 979 ಮೀಟರ್ ಎತ್ತರದ ಜಲಪಾತ ಮಾತ್ರ ಜಗತ್ತಿಗೆಲ್ಲ ಏಂಜೆಲ್ ಫಾಲ್ಸ್ ಎಂದೇ ಗೊತ್ತು. ಜಿಮ್ಮಿ ಏಂಜೆಲ್ ಎಂಬ ಅಮೆರಿಕದ ವೈಮಾನಿಕ 1933ರಲ್ಲಿ ಅದರ ಮೇಲೆ ಹಾರಿದ. 1937ರಲ್ಲಿ ಬೆಟ್ಟದ ಮೇಲೆ ವಿಮಾನ ಇಳಿಸಿದ. ಅದು ಕೆಸರಿನಲ್ಲಿ ಹೂತುಹೋಗಿ, ಹೆಂಡತಿ ಮತ್ತು ಇನ್ನಿಬ್ಬರೊಂದಿಗೆ 11 ದಿನ ನಡೆದು ಕೆಳಗಿಳಿದ. ಜಲಪಾತಕ್ಕೆ ಕೆರೆಪಕುಪಾಯಿ ಮೆರು ಎಂಬ ಹೆಸರು ಮೊದಲೇ ಇತ್ತು. ರೊರೈಮಾದ ಕಥೆಯೂ ಇಂಥದ್ದೇ. ದಾಖಲೆಯಲ್ಲಿರುವ ಮೊದಲ ಆರೋಹಣ 1884ರ ಡಿಸೆಂಬರ್ 18ರಂದು, ಎವರಾರ್ಡ್ ಇಮ್ ಥರ್ನ್ ಮತ್ತು ಹ್ಯಾರಿ ಪರ್ಕಿನ್ಸ್ ಅವರದು. ಅವರ ಹೊರೆ ಹೊತ್ತ ಸ್ಥಳೀಯರ ಹೆಸರುಗಳು ಆ ಸಾಲಿನಲ್ಲಿ ಬರುವುದಿಲ್ಲ.

ರೊರೈಮಾ ಹುಟ್ಟಿದ ಬಗೆಗೂ ಅಲ್ಲಿಯ ಜನರ ಬಳಿ ಒಂದು ಕಥೆಯಿದೆ. ಜರ್ಮನಿಯ ಥಿಯೊಡೊರ್ ಕೊಖ್ ಗ್ರ್ಯೂನ್‌ಬೆರ್ಗ್ 1911ರಿಂದ 1913ರವರೆಗೆ ಅಲ್ಲಿ ಓಡಾಡಿ ಅದನ್ನು ಬರೆದುಕೊಂಡರು. ಲೋಕದ ಎಲ್ಲ ಹಣ್ಣುಗಳೂ ಬಿಡುವ ವಝಕಾ ಎಂಬ ಒಂದು ಮಹಾವೃಕ್ಷವಿತ್ತು. ಬಿದ್ದ ಹಣ್ಣು ತಿಂದರೆ ಸಾಕು, ಮರ ಕಡಿಯುವುದು ಬೇಡ ಎಂಬ ಬುದ್ಧಿಮಾತನ್ನು ಕೇಳದೆ ಮಕುನೈಮಾ ಅದನ್ನು ಕಡಿದ. ಬುಡದಿಂದ ನೀರು ಉಕ್ಕಿ ಪ್ರಳಯವಾಯಿತು. ಉಳಿದ ಮೋಟುಬುಡವೇ ರೊರೈಮಾ. ಚಪ್ಪಟೆ ತಲೆಯ ಆ ಬೆಟ್ಟವನ್ನು ದೂರದಿಂದ ನೋಡಿದರೆ ಕಡಿದ ಬೊಡ್ಡೆಯಂತೆ ಕಾಣುವುದು ನಿಜ. ಭೂವಿಜ್ಞಾನಿ ಅದನ್ನು ಅಖಂಡ ಪ್ರಸ್ಥಭೂಮಿ ಸವೆದು ಉಳಿದ ತುಂಡು ಎನ್ನುತ್ತಾನೆ. ಪೆಮೋನ್ ಅಜ್ಜ ದುರಾಸೆಗೆ ಬಲಿಯಾದ ಮರದ ಉಳಿಕೆ ಎನ್ನುತ್ತಾನೆ. ದೊಡ್ಡದೊಂದು ಹೋಗಿ ಚಿಕ್ಕದು ಉಳಿದಿದೆ ಎಂಬಲ್ಲಿ ಇಬ್ಬರ ಮಾತೂ ಕೂಡುತ್ತದೆ.

'ಮನೆ' ಎಂಬ ಮಾತನ್ನು ಹಿಡಿದುಕೊಂಡರೆ ನಮ್ಮ ಪ್ರಶ್ನೆಗೆ ಬೇರೆಯೇ ಬಾಗಿಲು ತೆರೆಯುತ್ತದೆ. ಇನ್ನೊಬ್ಬರ ಮನೆಯನ್ನು ನಾವು ಗೌರವಿಸುವುದು ಅದರಿಂದ ನಮಗೆ ಉಪಯೋಗವಿದೆ ಎಂದಲ್ಲ, ಅದು ಅಪರೂಪದ ಮನೆ ಎಂದಲ್ಲ, ಚೆಂದವಾಗಿದೆ ಎಂದೂ ಅಲ್ಲ. ಸೋರುವ ಗುಡಿಸಲಾದರೂ ಬಾಗಿಲಲ್ಲಿ ನಿಂತು ಕರೆಯುತ್ತೇವೆ. ಒಳಗೆ ಯಾರೂ ಕಾಣಿಸದಿದ್ದರೆ ಅದನ್ನು ಆಹ್ವಾನವೆಂದು ತಿಳಿಯುವುದಿಲ್ಲ. ರೌಟ್ಲಿಯ ಕೊನೆಯ ಮನುಷ್ಯ ಮಾಡಿದ ತಪ್ಪಿಗೆ ಈಗ ಹೆಸರು ಸಿಕ್ಕಿತು. ಅವನು ಬೇರೆಯವರ ಮನೆಯನ್ನು ಕೆಡವಿದ. ಆ ಬೇರೆಯವರು ಮನುಷ್ಯರೇ ಆಗಿರಬೇಕಾಗಿಲ್ಲ. ಇಮವಾರಿಗಳನ್ನು ನಂಬದವರಿಗೂ ಆ ಕಪ್ಪೆ ಇದೆ. ಆ ಕಲ್ಲಿನ ಮೇಲೆ ಹೇಗೆ ಬದುಕಬೇಕೆಂದು ಅದರ ಮೈಗೆ ಗೊತ್ತು, ಬೇರೆಲ್ಲೂ ಬದುಕಲು ಅದಕ್ಕೆ ಗೊತ್ತಿಲ್ಲ. ಮನೆ ಎಂದರೆ ಇಷ್ಟೇ ತಾನೇ?

ಕನ್ನಡದವರಿಗೆ ಇದು ಹೊಸ ಮಾತೂ ಅಲ್ಲ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಕರಾವಳಿಯಲ್ಲಿ ನಾಗಬನಗಳಿವೆ. ಬನದಲ್ಲಿ ಕತ್ತಿ ಆಡಿಸಬಾರದು ಎಂದ ಹಿರಿಯರು ಅಂತರ್ಜಲದ ಲೆಕ್ಕ ಹೇಳಲಿಲ್ಲ, ಜೀವವೈವಿಧ್ಯದ ಪಟ್ಟಿ ಕೊಡಲಿಲ್ಲ. ಇದು ನಮ್ಮದಲ್ಲ ಎಂದರು, ಅಷ್ಟೇ. ಅಂತರ್ಜಲವೂ ವೈವಿಧ್ಯವೂ ಅದರ ಜೊತೆಗೆ ತಾವಾಗಿ ಉಳಿದವು.

ಆದರೆ ಇಲ್ಲಿಗೇ ನಿಲ್ಲಿಸಿದರೆ ಮಾತು ಅರ್ಧವಾಗುತ್ತದೆ. ಬೆಟ್ಟದ ಬುಡದಲ್ಲಿರುವವರಿಗೂ ಹೊಟ್ಟೆಯಿದೆ. ಇಂದು ಪರಾಯ್ ತೆಪುಯಿ ಹಳ್ಳಿಯಿಂದ ಚಾರಣಿಗರನ್ನು ಕರೆದೊಯ್ಯುವವರು, ಅವರ ಡೇರೆ, ಅಡುಗೆ ಸಾಮಾನು ಹೊರುವವರು ಪೆಮೋನರೇ. ಯಾವುದರ ಮೇಲೆ ಕಾಲಿಡಲು ಅಜ್ಜ ಹಿಂಜರಿಯುತ್ತಿದ್ದನೋ ಅದರ ಮೇಲೆ ಮೊಮ್ಮಗ ಕೂಲಿಗೆ ಹೋಗುತ್ತಾನೆ. ಇದನ್ನು ಪತನ ಎಂದು ಕರೆಯಲು ಮುಂಬೈಯಲ್ಲೋ ಪುಣೆಯಲ್ಲೋ ಕೂತಿರುವ ನಮಗೆ ಏನು ಅಧಿಕಾರವಿದೆ?

ಈ ಪ್ರಶ್ನೆ ನಮ್ಮಂಥ ವಲಸಿಗರಿಗೆ ನೇರವಾಗಿ ತಾಗುತ್ತದೆ. ಊರು ಬಿಟ್ಟು ಬಂದವರಿಗೆಲ್ಲ ಊರು ಇದ್ದ ಹಾಗೇ ಇರಬೇಕೆಂಬ ಒಳಾಸೆ ಇರುತ್ತದೆ. ಹಂಚಿನ ಮನೆ, ಹಿತ್ತಲ ಬಾವಿ, ಕೆಮ್ಮಣ್ಣಿನ ದಾರಿ ಹಾಗೇ ಇರಬೇಕು, ದೀಪಾವಳಿಗೆ ಹೋದಾಗ ಎಲ್ಲ ಸಿಗಬೇಕು. ಊರಲ್ಲೇ ಉಳಿದ ದೊಡ್ಡಪ್ಪನ ಮಗ ಹಂಚು ಇಳಿಸಿ ಆರ್‌ಸಿಸಿ ಹಾಕಿಸಿದರೆ ವಾಟ್ಸಾಪ್ ಗುಂಪಿನಲ್ಲಿ ನಿಟ್ಟುಸಿರುಗಳು ಏಳುತ್ತವೆ. ಪ್ರತಿ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವವನು ಅವನು, ಒಡೆದದ್ದನ್ನು ಬದಲಿಸಲು ದುಡ್ಡು ಹಾಕುವವನು ಅವನು, ಆ ಮಣ್ಣುದಾರಿಯಲ್ಲಿ ರಾತ್ರಿ ಹೊತ್ತು ಅಮ್ಮನನ್ನು ಆಸ್ಪತ್ರೆಗೆ ಒಯ್ಯಬೇಕಾದವನೂ ಅವನೇ. ನಾವು ಕೇಳುತ್ತಿರುವುದು ನಮ್ಮ ನೆನಪಿನ ಕಾವಲು, ಕೆಲಸ ಅವನದು, ಸಂಬಳವಿಲ್ಲ. ಡಾಯ್ಲ್ ಬರೆದ ಕಳೆದುಹೋದ ಲೋಕಕ್ಕೂ ನಮ್ಮ ಮನಸ್ಸಿನ ಊರಿಗೂ ದೂರ ಹೆಚ್ಚಿಲ್ಲ. ಎರಡೂ ಬಿಟ್ಟುಹೋದವರ ಅಥವಾ ಎಂದೂ ಅಲ್ಲಿ ಇರದವರ ಆಸೆ.

ಹಾಗೆಂದು ದೂರದವನ ಆಸೆಯೆಲ್ಲ ಸುಳ್ಳೇ? ಹಾಗಲ್ಲ. ಉಳಿಯಲಿ ಎಂದು ಬಯಸುವವನು ಉಳಿಸುವುದರ ಭಾರದಲ್ಲಿ ಎಷ್ಟು ಪಾಲು ಹೊರುತ್ತಾನೋ ಅಷ್ಟರ ಮಟ್ಟಿಗೆ ಅವನ ಆಸೆಗೆ ನೈತಿಕ ತೂಕವಿರುತ್ತದೆ. ಭಾರವನ್ನೆಲ್ಲ ಹತ್ತಿರದವನ ಹೆಗಲ ಮೇಲೆ ಹಾಕಿ ಆನಂದವನ್ನು ಮಾತ್ರ ತಾನಿಟ್ಟುಕೊಂಡರೆ ಅದು ಬರಿಯ ರುಚಿ, ನೀತಿಯಲ್ಲ. ಮನೆ ಎಂಬ ಮಾತು ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಯಾರನ್ನು ಒಳಗೆ ಬಿಡಬೇಕು, ಎಷ್ಟು ಜನರನ್ನು, ಯಾವಾಗ ಎಂದು ಹೇಳುವವರಲ್ಲಿ ಮನೆಯ ಹತ್ತಿರದವರು ಮೊದಲು. ಬ್ರೆಜಿಲ್ ಕಡೆಯ ರೊರೈಮಾ 1989ರಿಂದ ರಾಷ್ಟ್ರೀಯ ಉದ್ಯಾನ. ಅದೇ ನೆಲ ಮೂಲನಿವಾಸಿಗಳ ರಪೋಸಾ ಸೆರಾ ದೊ ಸೊಲ್ ಪ್ರದೇಶಕ್ಕೂ ಸೇರುತ್ತದೆ. 2005ರಲ್ಲಿ ಆ ಪ್ರದೇಶವನ್ನು ಅವರದೆಂದು ಘೋಷಿಸಿದ್ದನ್ನು 2009ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕೆಲವು ಷರತ್ತುಗಳೊಂದಿಗೆ ಎತ್ತಿಹಿಡಿಯಿತು. ಒಂದೇ ಬೆಟ್ಟ ಉದ್ಯಾನವೂ ಹೌದು, ಒಂದು ಜನಾಂಗದ ನೆಲವೂ ಹೌದು. ಎರಡರ ನಡುವೆ ಜಗಳ ಇಲ್ಲದಿಲ್ಲ. ಆದರೂ ಖಾಲಿ ಜಾಗ ಎಂಬ ಕಲ್ಪನೆಗಿಂತ ಇದು ಸತ್ಯಕ್ಕೆ ಹತ್ತಿರ.

ಇನ್ನೊಂದು ಮಾತು ಉಳಿದಿದೆ, ಅದು ಎಲ್ಲಕ್ಕಿಂತ ಕಠಿಣ. ಸರಿ, ನಾವು ರೊರೈಮಾಕ್ಕೆ ಹೋಗುವುದಿಲ್ಲ, ಹರಳು ಕದಿಯುವುದಿಲ್ಲ, ಪೆಮೋನರಿಗೆ ಉಪದೇಶ ಮಾಡುವುದಿಲ್ಲ. ಋಣ ಮುಗಿಯಿತೇ? ಮೇಜುಬೆಟ್ಟದ ಭೂಗೋಳವೇ ಇದಕ್ಕೆ ಉತ್ತರ ಹೇಳುತ್ತದೆ. ಸಾಮಾನ್ಯ ಬೆಟ್ಟದಲ್ಲಿ ಸೆಖೆ ಏರಿದರೆ ತಂಪು ಬೇಕಾದ ಗಿಡ, ಪ್ರಾಣಿಗಳು ತಲೆಮಾರಿನಿಂದ ತಲೆಮಾರಿಗೆ ಸ್ವಲ್ಪ ಸ್ವಲ್ಪ ಮೇಲೆ ಸರಿಯಬಹುದು. ತೆಪುಯಿಯ ಜೀವಿಗಳು ಈಗಾಗಲೇ ಮೇಲ್ಛಾವಣಿಯಲ್ಲಿವೆ. ಅದಕ್ಕಿಂತ ಮೇಲೆ ಗಾಳಿ ಮಾತ್ರ. ಜಗತ್ತಿನ ಯಾವ ಮೂಲೆಯಲ್ಲಿ ಸುಟ್ಟ ಎಣ್ಣೆ, ಕಲ್ಲಿದ್ದಲಿನ ಹೊಗೆಯಾದರೂ ಆ ಛಾವಣಿಯನ್ನು ಕಾಯಿಸುತ್ತದೆ. ಕೆಳಗೆ, 2016ರಲ್ಲಿ ವೆನೆಜುವೆಲಾ ಸರ್ಕಾರ ಒರಿನೊಕೊದ ದಕ್ಷಿಣಕ್ಕೆ ಬೃಹತ್ ಗಣಿವಲಯವನ್ನು ಘೋಷಿಸಿತು. ಆ ಸೀಮೆಯ ಚಿನ್ನದ ಗಣಿಗಾರಿಕೆ ನದಿಗಳಿಗೆ ಪಾದರಸ ಬೆರೆಸುತ್ತಿದೆ. ಚಿನ್ನಕ್ಕೆ ಊರಿನ ಹೆಸರು ಅಂಟಿಕೊಂಡಿರುವುದಿಲ್ಲ. ಕರಗಿಸಿದ ಮೇಲೆ ಎಲ್ಲ ಚಿನ್ನವೂ ಒಂದೇ. ಎಲ್ಲಿಯದು ಎಂದು ಕೇಳದೆ ಕೊಳ್ಳುವವರು ಇರುವವರೆಗೆ ಎಲ್ಲಿಂದಲಾದರೂ ಅಗೆಯುವವರು ಇರುತ್ತಾರೆ.

ಅಂದರೆ ಕಾಲಿಡದೆಯೂ ಒಂದು ಮನೆಯ ಗೋಡೆಗೆ ಕೈ ಹಾಕಬಹುದು. ದೂರವಿರುವುದು ನಿರಪರಾಧಕ್ಕೆ ಸಾಕ್ಷಿಯಲ್ಲ. ಹಾಗಾಗಿ ಎಂದೂ ನೋಡದ ಬೆಟ್ಟದ ಋಣ ನಮ್ಮ ಮೇಲಿದೆ ಎಂದೇ ಹೇಳಬೇಕಾಗುತ್ತದೆ. ಅದು ಏನನ್ನಾದರೂ ಕೊಟ್ಟು ತೀರಿಸುವ ಋಣವಲ್ಲ, ಬೆಟ್ಟಕ್ಕೆ ನಮ್ಮಿಂದ ಏನೂ ಬೇಡ. ಬಿಟ್ಟು ತೀರಿಸುವ ಋಣ: ಒಂದು ಅನಗತ್ಯ ವಿಮಾನಯಾನ, ಒಂದು ತೊಲ ಹೆಚ್ಚಿನ ಬಂಗಾರ, ಎಲ್ಲವನ್ನೂ ನೋಡಿಯೇ ತೀರಬೇಕೆಂಬ ಹಟ. ಇವುಗಳಲ್ಲಿ ಯಾವುದನ್ನು ಬಿಟ್ಟರೂ ಬೆಟ್ಟ ಧನ್ಯವಾದ ಹೇಳುವುದಿಲ್ಲ, ಒಬ್ಬರು ಬಿಟ್ಟದ್ದರಿಂದ ಬೆಟ್ಟ ಉಳಿಯುವುದೂ ಇಲ್ಲ. ಬೇರೆಯವರ ಮನೆಗೆ ನುಗ್ಗದೆ ಇರುವುದಕ್ಕೆ ನಾವು ಎಂದಾದರೂ ಅಂಥ ಲೆಕ್ಕ ಕೇಳಿದ್ದೇವೆಯೇ?

ಪುಣೆಯಲ್ಲಿರುವ ಓದುಗರಿಗೆ ಇದನ್ನು ಪರೀಕ್ಷಿಸಲು ದಕ್ಷಿಣ ಅಮೆರಿಕದವರೆಗೆ ಯೋಚಿಸಬೇಕಾಗಿಲ್ಲ. ಸಾತಾರದ ಬಳಿಯ ಕಾಸ್ ಪ್ರಸ್ಥಭೂಮಿ ಇದೇ ಬಡ ನೆಲದ ಇನ್ನೊಂದು ಉದಾಹರಣೆ. ಜಂಬಿಟ್ಟಿಗೆಯ ಬಂಡೆಯ ಮೇಲೆ ತೆಳುವಾದ ಮಣ್ಣು, ಅಲ್ಲಿಯೂ ಸಾರ ಸಾಲದೆ ಹುಳ ಹಿಡಿಯುವ ಡ್ರೊಸೆರಾ, ಯುಟ್ರಿಕುಲೇರಿಯಾ ಗಿಡಗಳು. ಪಶ್ಚಿಮಘಟ್ಟದ ಭಾಗವಾಗಿ 2012ರಲ್ಲಿ ಅದು ಯುನೆಸ್ಕೊ ಪಟ್ಟಿ ಸೇರಿತು. ಮಳೆಗಾಲ ಮುಗಿಯುವ ಹೊತ್ತಿಗೆ ಹೂವು ನೋಡಲು ಜನ ನುಗ್ಗುತ್ತಾರೆ, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ಮುಂಗಡ ಟಿಕೆಟ್ ಬೇಕು. ಶನಿವಾರದ ಟಿಕೆಟ್ ಮುಗಿದಿದೆ ಎಂದು ಪರದೆಯ ಮೇಲೆ ಕಂಡಾಗ ಕಿರಿಕಿರಿಯಾಗುವುದು ಸಹಜ. ಅದು ನಮ್ಮ ಹಕ್ಕಿನ ಮೇಲೆ ಬಿದ್ದ ಬೀಗ ಎಂದು ನೋಡಿದರೆ ಕಿರಿಕಿರಿ ಹೆಚ್ಚುತ್ತದೆ. ಒಳಗೆ ಇರುವವರು ಈ ವಾರ ಅತಿಥಿಗಳು ಸಾಕು ಎಂದಿದ್ದಾರೆ ಎಂದು ನೋಡಿದರೆ ಬೇರೊಂದು ಶನಿವಾರ ಹುಡುಕಬಹುದು, ಅಥವಾ ಹೋಗದೆಯೂ ಇರಬಹುದು. ಹೂವು ನಾವು ಹೋದರೂ ಅರಳುತ್ತದೆ, ಹೋಗದಿದ್ದರೂ ಅರಳುತ್ತದೆ.